ಮುಖಕ್ಕೊಂದು ಬಣ್ಣ, ಕತ್ತಿಗೊಂದು ಬಣ್ಣ: ದಿನದ ಮೇಕಪ್ ಕೆಲಸ ಮಾಡುವುದು ಹೇಗೆ?

ಕಳೆದ ಮೇ ತಿಂಗಳಲ್ಲಿ ಮುಂಬೈನ ಮಾಟುಂಗದ ಒಂದು ಹಾಲ್‌ನಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥ ಆಯಿತು. ಪಾರ್ಲರ್‌ನವರು ಬಂದು ಒಂದೂವರೆ ಗಂಟೆ ಮೇಕಪ್ ಮಾಡಿದರು. ಹಾಲ್‌ನ ದೀಪದ ಕೆಳಗೆ ಚೆನ್ನಾಗಿಯೇ ಕಂಡಿತು. ವಾರ ಕಳೆದು ಫೋಟೋ ಬಂತು. ಮುಖ ಬೂದು, ಕತ್ತು ಗೋಧಿ ಬಣ್ಣ, ಕೈ ಇನ್ನೊಂದು ಬಣ್ಣ. ಹುಡುಗಿ ಆಲ್ಬಮ್ ಮುಚ್ಚಿಟ್ಟು ಹೇಳಿದಳು: "ಚಿಕ್ಕಮ್ಮ, ನನ್ನ ಮುಖಕ್ಕೆ ಮೇಕಪ್ ಒಗ್ಗುವುದಿಲ್ಲ."

ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ತಪ್ಪು ಅವಳ ಮುಖದ್ದಲ್ಲ, ಹಚ್ಚಿದ ಬಣ್ಣದ್ದು.

ಜೂನ್‌ನಿಂದ ಅವಳಿಗೆ ಅಂಧೇರಿಯಲ್ಲಿ ಕೆಲಸ. ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಅಂಧೇರಿ. ಆಫೀಸಿಗೆ ಸ್ವಲ್ಪ ಅಚ್ಚುಕಟ್ಟಾಗಿ ಹೋಗಬೇಕು ಅಂತ ಅವಳಿಗೆ ಆಸೆ, ಆದರೆ ಫೋಟೋ ನೋಡಿದ ಮೇಲೆ ಹೆದರಿಕೆ. ನಮ್ಮ ಸುತ್ತ ಹೀಗೆ ಮೊದಲ ಕೆಲಸಕ್ಕೆ ಹೊರಟ ಹುಡುಗಿಯರು ಎಷ್ಟೋ ಜನ. ಐವತ್ತು ದಾಟಿದ ಮೇಲೆ ಮೊದಲ ಸಲ ಲಿಪ್‌ಸ್ಟಿಕ್ ಕೊಳ್ಳಬೇಕು ಅಂದುಕೊಂಡ ಗೆಳತಿಯರೂ ಇದ್ದಾರೆ. ನಾನು ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳು. ಡಬ್ಬಿಯ ಹಿಂದೆ ಬರೆದದ್ದನ್ನು ಓದುವುದು ನನಗೆ ರೂಢಿ. ಅವಳಿಗೆ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಚರ್ಮದ ಬಣ್ಣ ಒಂದೇ ಬಣ್ಣ ಅಲ್ಲ

ಡಬಲ್ ಶೇಡ್ ರೇಷ್ಮೆ ಸೀರೆ ನೋಡಿದ್ದೀರಲ್ವಾ? ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ. ಹಸಿರು ಸೀರೆ ಅಂತ ಕೊಂಡಿರುತ್ತೇವೆ, ಮಡಿಸಿದ ಕಡೆ ಒಳಗಿನಿಂದ ಕೆಂಪು ಇಣುಕುತ್ತದೆ. ಚರ್ಮವೂ ಹಾಗೇ.

ಚರ್ಮದ ಮೇಲಿನ ಪದರದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಇದೆ. ಅದು ಜಾಸ್ತಿ ಇದ್ದಷ್ಟೂ ಮೈ ಕಪ್ಪು. ಅದರ ಕೆಳಗೆ ಹರಿಯುವ ರಕ್ತದ ಕೆಂಪು ಸ್ವಲ್ಪ ಕಾಣುತ್ತದೆ. ತರಕಾರಿ, ಹಣ್ಣಿನಿಂದ ಬರುವ ಕ್ಯಾರೊಟಿನ್‌ನ ಹಳದಿಯೂ ಸ್ವಲ್ಪ ಸೇರುತ್ತದೆ. ಮೇಲ್ನೋಟಕ್ಕೆ ಮೈ ಎಷ್ಟು ಕಪ್ಪು, ಎಷ್ಟು ಬಿಳಿ ಅನ್ನುವುದು ಸ್ಕಿನ್ ಟೋನ್. ಒಳಗಿನಿಂದ ಇಣುಕುವ ಛಾಯೆ ಅಂಡರ್‌ಟೋನ್. ಬಿಸಿಲಿಗೆ ಹೋದರೆ ಸ್ಕಿನ್ ಟೋನ್ ಬದಲಾಗುತ್ತದೆ. ಅಂಡರ್‌ಟೋನ್ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಛಾಯೆ ಹಳದಿ, ಬಂಗಾರದ ಕಡೆ ಇದ್ದರೆ ವಾರ್ಮ್ ಅನ್ನುತ್ತಾರೆ. ಗುಲಾಬಿ, ನೀಲಿ ಕಡೆ ಇದ್ದರೆ ಕೂಲ್. ಎರಡೂ ಅಲ್ಲದಿದ್ದರೆ ನ್ಯೂಟ್ರಲ್. ಹಳದಿಯಲ್ಲಿ ಚೂರು ಹಸಿರು ಸೇರಿದ ಹಾಗಿದ್ದರೆ ಆಲಿವ್. ನಮ್ಮಲ್ಲಿ ಆಲಿವ್ ಛಾಯೆಯವರು ಬೇಕಾದಷ್ಟು ಜನ ಇದ್ದಾರೆ, ಬಾಟಲಿ ಮಾತ್ರ ಅವರಿಗೆ ಸುಲಭವಾಗಿ ಸಿಗುವುದಿಲ್ಲ. ಇವು ಡಾಕ್ಟರು ಹೇಳುವ ಹೆಸರುಗಳಲ್ಲ, ಬಣ್ಣ ಆರಿಸಲು ಮಾಡಿಕೊಂಡ ಗುರುತುಗಳು. ಅಕ್ಕ ತಂಗಿ ಇಬ್ಬರೂ ಒಂದೇ ಗೋಧಿ ಬಣ್ಣ ಇರಬಹುದು, ಆದರೆ ಒಬ್ಬಳಿಗೆ ಹೊಂದಿದ ಫೌಂಡೇಶನ್ (ಮುಖಕ್ಕೆಲ್ಲ ಹಚ್ಚುವ ಮೈಬಣ್ಣದ ಕ್ರೀಮ್) ಇನ್ನೊಬ್ಬಳಿಗೆ ಹೊಂದದೆ ಹೋಗಬಹುದು. ಕಾರಣ ಈ ಒಳಗಿನ ಛಾಯೆ.

ಮಣಿಕಟ್ಟಿನ ನರ ಹಸಿರು ಕಂಡರೆ ವಾರ್ಮ್, ನೀಲಿ ಕಂಡರೆ ಕೂಲ್ ಅಂತ ಎಲ್ಲ ಕಡೆ ಹೇಳುತ್ತಾರೆ. ಕಂದು ಚರ್ಮದಲ್ಲಿ ಇದನ್ನು ನಂಬುವುದು ಕಷ್ಟ. ನರ ಸರಿಯಾಗಿ ಕಾಣುವುದೇ ಇಲ್ಲ. ಕಂಡರೂ ನರದ ಆಳ, ಬೆಳಕು ಎರಡರಿಂದಲೂ ಬಣ್ಣ ಬದಲಾಗುತ್ತದೆ. ಅದಕ್ಕಿಂತ ಕಿಟಕಿ ಹತ್ತಿರ ನಿಂತು, ತೊಳೆದ ಮುಖದ ಪಕ್ಕ ಒಂದು ಬಿಳಿ ಪಂಚೆ ಹಿಡಿಯಿರಿ. ಅಚ್ಚ ಬಿಳಿಯ ಪಕ್ಕದಲ್ಲಿ ಮುಖದ ಹಳದಿಯೋ ಗುಲಾಬಿಯೋ ಎದ್ದು ಕಾಣುತ್ತದೆ.

ಇನ್ನೊಂದು ಮಾತು. ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಎಂಬುದರ ಮೇಲೆ ಚರ್ಮವನ್ನು ಗುಂಪು ಮಾಡುವ ಪಟ್ಟಿಯನ್ನು ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದರು. ಶುರುವಿನಲ್ಲಿ ಅದು ಬಿಳಿ ಚರ್ಮದವರಿಗಷ್ಟೇ ಇತ್ತು. ಕಂದು, ಕಪ್ಪು ಚರ್ಮದ 5 ಮತ್ತು 6ನೇ ಗುಂಪುಗಳು ಆಮೇಲೆ ಸೇರಿದವು. ಬಣ್ಣದ ಲೆಕ್ಕದಲ್ಲಿ ನಮ್ಮ ಚರ್ಮದ ಸರದಿ ತಡವಾಗಿ ಬಂದದ್ದು ಅದೊಂದು ಕಡೆ ಮಾತ್ರ ಅಲ್ಲ.

ಬೂದಿ ಬಳಿದ ಹಾಗೆ ಕಾಣುವುದು ಯಾಕೆ?

ಈಗ ಮನೆಯಲ್ಲಿರುವ ಫೌಂಡೇಶನ್ ಬಾಟಲಿಯ ಹಿಂಬದಿ ನೋಡಿ. ಪಟ್ಟಿಯ ಕೊನೆಯಲ್ಲಿ 'ಸಿಐ' (ಕಲರ್ ಇಂಡೆಕ್ಸ್, ಬಣ್ಣದ ವಸ್ತುಗಳ ಗುರುತಿನ ಅಂಕಿ) ಅಂತ ಬರೆದು ಕೆಲವು ಅಂಕಿ ಇರುತ್ತವೆ. ಸಿಐ 77891 ಅಂದರೆ ಟೈಟಾನಿಯಂ ಡೈಆಕ್ಸೈಡ್, ಬಿಳಿ ಪುಡಿ. ಸಿಐ 77491 ಕೆಂಪು, 77492 ಹಳದಿ, 77499 ಕಪ್ಪು. ಈ ಮೂರೂ ಕಬ್ಬಿಣದ ಆಕ್ಸೈಡ್‌ಗಳು, ತುಕ್ಕಿನ ಬಳಗದವು. ಸಾಮಾನ್ಯವಾಗಿ ಈ ನಾಲ್ಕು ಪುಡಿಗಳನ್ನು ಬೇರೆಬೇರೆ ಅಳತೆಯಲ್ಲಿ ಬೆರೆಸಿಯೇ ಹತ್ತಿಪ್ಪತ್ತು ಶೇಡ್ ಮಾಡುತ್ತಾರೆ. ರಂಗೋಲಿ ಪುಡಿ ಬೆರೆಸಿ ಹೊಸ ಬಣ್ಣ ಮಾಡುವ ಹಾಗೆ.

ತಿಳಿ ಬಣ್ಣದ ಶೇಡ್ ಅಂದರೆ ಅದರಲ್ಲಿ ಬಿಳಿ ಪುಡಿ ಜಾಸ್ತಿ. ಅದನ್ನು ಕಂದು ಮುಖದ ಮೇಲೆ ತೆಳ್ಳಗೆ ಹಚ್ಚಿದರೆ ಮುಖ ಬೆಳ್ಳಗಾಗಬೇಕಲ್ಲ, ಬೂದು ಯಾಕಾಗುತ್ತದೆ?

ಅಡುಗೆಮನೆಯ ಕಪ್ಪು ಕಡಪ ಕಲ್ಲಿನ ಮೇಲೆ ನೀರು ಮಜ್ಜಿಗೆ ಚೆಲ್ಲಿದ್ದು ನೆನಪು ಮಾಡಿಕೊಳ್ಳಿ. ಲೋಟದಲ್ಲಿ ಬೆಳ್ಳಗಿದ್ದ ಮಜ್ಜಿಗೆ ಕಲ್ಲಿನ ಮೇಲೆ ತೆಳುವಾಗಿ ಹರಡಿದಾಗ ನೀಲಿ ಬೂದು ಕಾಣುತ್ತದೆ. ಬಿಳಿಯ ಸಣ್ಣ ಕಣಗಳು ಬೆಳಕಿನಲ್ಲಿರುವ ನೀಲಿಯನ್ನು ಜಾಸ್ತಿ ಚದುರಿಸುತ್ತವೆ. ಉಳಿದ ಬೆಳಕು ಕೆಳಗಿನ ಕಪ್ಪಿಗೆ ಇಳಿದು ಅಲ್ಲೇ ಕಳೆದುಹೋಗುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ವಾಪಸು ಬರುವುದು ನೀಲಿ ಬೆರೆತ ಬೂದು. ಹಣೆಯ ಮೇಲಿನ ವಿಭೂತಿಯೂ ಹಾಗೇ, ತೆಳುವಾದಷ್ಟೂ ಬೂದು. ನಮ್ಮ ಹುಡುಗಿಯ ಮುಖದಲ್ಲಿ ಆದದ್ದೂ ಇಷ್ಟೇ. ಅವಳದ್ದು ಹಳದಿ ಛಾಯೆ. ಹಚ್ಚಿದ್ದು ಎರಡು ಶೇಡ್ ತಿಳಿಯಾದ, ಗುಲಾಬಿ ಕಡೆಯ ಬಣ್ಣ. ಸಾಲದ್ದಕ್ಕೆ ಫ್ಲ್ಯಾಶ್ ಬೆಳಕು ಆ ಬಿಳಿ ಪುಡಿಗೆ ಬಡಿದು ನೇರ ಕ್ಯಾಮೆರಾಗೇ ವಾಪಸು ಹೋಯಿತು.

'ಸ್ವಲ್ಪ ಬೆಳ್ಳಗೆ ಕಾಣಲಿ' ಅಂತ ಶೇಡ್ ಇಳಿಸುವ ಅಭ್ಯಾಸ ಹಳೆಯದು. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು, 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದರು. ಹೆಸರು ಹೋದರೂ ಪಾರ್ಲರ್ ಕುರ್ಚಿಯಲ್ಲಿ ಆ ಆಸೆ ಇನ್ನೂ ಕೂತಿದೆ. ಫೌಂಡೇಶನ್‌ನ ಕೆಲಸ ಮುಖದ ಬಣ್ಣ ಬದಲಿಸುವುದಲ್ಲ. ಅಲ್ಲಲ್ಲಿ ಹೆಚ್ಚುಕಡಿಮೆ ಇರುವುದನ್ನು ಸಮ ಮಾಡುವುದು ಮಾತ್ರ.

ಕಣ್ಣಿನ ಕೆಳಗಿನ ಕಪ್ಪಿಗೂ ಇದೇ ಲೆಕ್ಕ. ಅಲ್ಲಿ ಬಿಳಿಚಿದ ಕನ್ಸೀಲರ್ (ಕಲೆ ಮರೆಸುವ ದಪ್ಪ ಕ್ರೀಮ್) ಹಚ್ಚಿದರೆ ಬೂದು ವರ್ತುಲ ಎದ್ದು ಕಾಣುತ್ತದೆ. ಹಳದಿಯಾದ ಬಿಳಿ ಬಟ್ಟೆಗೆ ನೀಲಿ ಹಾಕುತ್ತೇವಲ್ಲ, ಯಾಕೆ? ಹಳದಿಗೆ ನೀಲಿ ಎದುರು ಬಣ್ಣ, ಒಂದನ್ನೊಂದು ಅಡಗಿಸುತ್ತವೆ. ಕಣ್ಣಿನ ಕೆಳಗೆ ಇರುವುದು ನೀಲಿ ಬೂದು. ಅದಕ್ಕೆ ಎದುರು ಬಣ್ಣ ಕಿತ್ತಳೆ. ಮೊದಲು ಚೂರೇ ಚೂರು ಕಿತ್ತಳೆ ಅಥವಾ ಪೀಚ್ ಬಣ್ಣದ ಕರೆಕ್ಟರ್, ಮೇಲೆ ನಿಮ್ಮದೇ ಶೇಡಿನ ಕನ್ಸೀಲರ್. ಒಂದು ಅಕ್ಕಿಕಾಳಿನಷ್ಟು ಸಾಕು.

ಮ್ಯಾಚಿಂಗ್ ಸೆಂಟರ್‌ನಲ್ಲಿ ಮಾಡುವುದನ್ನೇ ಇಲ್ಲೂ ಮಾಡಿ

ಬ್ಲೌಸ್ ಪೀಸ್ ಕೊಳ್ಳುವಾಗ ನಮ್ಮ ಅಮ್ಮಂದಿರು ಏನು ಮಾಡುತ್ತಿದ್ದರು? ಸೀರೆ ಸೆರಗನ್ನೂ ಬಟ್ಟೆಯನ್ನೂ ಹಿಡಿದು ಅಂಗಡಿ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿಯುತ್ತಿದ್ದರು. ಟ್ಯೂಬ್‌ಲೈಟ್‌ನಲ್ಲಿ ಒಂದೇ ಕಂಡ ಎರಡು ಬಣ್ಣ ಹೊರಗೆ ಬೇರೆಬೇರೆ ಕಾಣುತ್ತಿದ್ದವು. ವಿಜ್ಞಾನದಲ್ಲಿ ಇದಕ್ಕೆ ಮೆಟಾಮೆರಿಸಂ ಅಂತ ಹೆಸರೇ ಇದೆ. ಎಲ್ಲ ದೀಪದ ಬೆಳಕಿನಲ್ಲೂ ಎಲ್ಲ ಬಣ್ಣ ಸಮನಾಗಿ ಇರುವುದಿಲ್ಲ. ಹಾಗಾಗಿ ಎರಡು ವಸ್ತು ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದೆ ಹೋಗಬಹುದು.

ಫೌಂಡೇಶನ್ ಆರಿಸುವುದೂ ಹಾಗೇ. ಕೈ ಹಿಂಬದಿಗೆ ಹಚ್ಚಿ ನೋಡಬೇಡಿ, ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆ ಮುಗಿದು ಕತ್ತು ಶುರುವಾಗುವ ಕಡೆ ಮೂರು ಶೇಡನ್ನು ಪಕ್ಕಪಕ್ಕ ಗೆರೆ ಎಳೆಯಿರಿ. ಅಂಗಡಿಯಿಂದ ಹೊರಗೆ ಬನ್ನಿ. ಫೋನ್ ಕ್ಯಾಮೆರಾದಲ್ಲಿ ನೋಡಿ. ಯಾವ ಗೆರೆ ಮಾಯವಾಗಿದೆಯೋ ಅದೇ ನಿಮ್ಮದು.

ಆಗಲೇ ದುಡ್ಡು ಕೊಡಬೇಡಿ. ಅರ್ಧ ಗಂಟೆ ಸುತ್ತಾಡಿ ಬನ್ನಿ, ಲಿಂಕಿಂಗ್ ರೋಡ್‌ನಂಥ ಅಂಗಡಿ ಬೀದಿಯಲ್ಲಿ ಅದೇನೂ ಕಷ್ಟ ಅಲ್ಲ. ಹಚ್ಚಿದಾಗ ಸರಿಯಿದ್ದ ಬಣ್ಣ ಆಮೇಲೆ ಒಂದು ಮಟ್ಟ ಕಪ್ಪಾಗಬಹುದು. ಅಂಗಡಿಯವರು 'ಆಕ್ಸಿಡೈಸ್ ಆಯ್ತು' ಅನ್ನುತ್ತಾರೆ. ಆದರೆ ಆ ಕೆಂಪು, ಹಳದಿ ಪುಡಿಗಳು ಆಗಲೇ ಆಕ್ಸೈಡ್‌ಗಳು. ಮುಖ್ಯವಾಗಿ ಆಗುವುದು ಏನೆಂದರೆ, ದ್ರವದ ಭಾಗ ಆರಿ ಪುಡಿ ಒತ್ತಾಗಿ ಕೂರುತ್ತದೆ, ಚರ್ಮದ ಎಣ್ಣೆ ಅದನ್ನು ನೆನೆಸುತ್ತದೆ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಕಪ್ಪಾಗಿ ಕಾಣುವುದಿಲ್ವಾ, ಹಾಗೆ. ಎಣ್ಣೆ ಚರ್ಮದವರಿಗೆ ಇದು ಜಾಸ್ತಿ.

ಶೇಡಿನ ಹೆಸರಿನಲ್ಲಿರುವ ಅಕ್ಷರಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಬಹಳ ಕಂಪನಿಗಳಲ್ಲಿ 'ಸಿ' ಅಂದರೆ ಕೂಲ್, 'ಡಬ್ಲ್ಯೂ' ಅಂದರೆ ವಾರ್ಮ್. ಆದರೆ ಮ್ಯಾಕ್ ಕಂಪನಿಯ 'ಎನ್‌ಸಿ' ಶೇಡ್‌ಗಳು ಬಂಗಾರದ ಛಾಯೆಯ ಚರ್ಮಕ್ಕೆ. ಗೆರೆ ಎಳೆದು ನೋಡುವುದೇ ವಾಸಿ.

ಮುಂಬೈ ಗಾಳಿಯಲ್ಲಿ ಮೇಕಪ್ ಇಳಿಯುವುದು ಯಾಕೆ?

ಬೆಂಗಳೂರಿನಲ್ಲಿ ಸಂಜೆವರೆಗೆ ಉಳಿದ ಮೇಕಪ್ ಇಲ್ಲಿ ಕುರ್ಲಾ ಬರುವಷ್ಟರಲ್ಲಿ ಜಾರುತ್ತದೆ. ಮುಖ ಅದೇ, ಗಾಳಿ ಬೇರೆ.

ಬೆವರು ಬರುವುದು ಆರಿ ಹೋಗಲಿಕ್ಕೆ. ಆರಿದಾಗ ಮೈ ತಂಪಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಗಾಳಿಯಲ್ಲಿ ತೇವಾಂಶ ಎಷ್ಟೋ ಸಲ 80 ಶೇಕಡಾ ದಾಟುತ್ತದೆ. ಆಗಲೇ ನೀರು ತುಂಬಿದ ಗಾಳಿಗೆ ನಮ್ಮ ಬೆವರನ್ನು ಹೀರಲು ಜಾಗ ಇಲ್ಲ. ಬೆವರು ಮೇಕಪ್ಪಿನ ಕೆಳಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಗೋಡೆಗೆ ಥಂಡಿ ಹಿಡಿದಾಗ ಬಣ್ಣ ಉಬ್ಬಿ ಏಳುತ್ತದಲ್ಲ? ನೀರು ಒಳಗಿನಿಂದ ತಳ್ಳುತ್ತದೆ, ಬಣ್ಣದ ಪದರ ಗೋಡೆ ಬಿಡುತ್ತದೆ. ಮುಖದಲ್ಲೂ ಅದೇ. ದಪ್ಪ ಬಣ್ಣ ದೊಡ್ಡ ಚಕ್ಕೆಯಾಗಿ ಏಳುತ್ತದೆ, ತೆಳು ಬಣ್ಣ ಕಡಿಮೆ ಏಳುತ್ತದೆ. ಅದಕ್ಕೇ ಈ ಊರಿನಲ್ಲಿ ಮೊದಲ ಮಾತು: ಕಡಿಮೆ ಹಚ್ಚಿ.

ಬೆವರು ಒಂದು, ಎಣ್ಣೆ ಇನ್ನೊಂದು. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ಕಷ್ಟ. ಬೆವರು ನೀರು, ಒತ್ತಿ ಒರೆಸಿದರೆ ಹೋಗುತ್ತದೆ. ಎಣ್ಣೆ ಹಣೆ, ಮೂಗು, ಗಲ್ಲದಲ್ಲಿ ಜಾಸ್ತಿ ಬರುತ್ತದೆ. ಪೌಡರ್ ಇರುವುದು ಈ ಎಣ್ಣೆಗೆ. ವಡಾಪಾವ್ ಸುತ್ತಿದ ಕಾಗದ ಎಣ್ಣೆ ಹೀರುವ ಹಾಗೆ ಪೌಡರಿನಲ್ಲಿರುವ ಟಾಲ್ಕ್, ಸಿಲಿಕಾ ಕಣಗಳು ಎಣ್ಣೆ ಹೀರುತ್ತವೆ. ಬೆವರಿನ ಮೇಲೆ ಪೌಡರ್ ಹಾಕಿದರೆ? ಹಿಟ್ಟಿಗೆ ನೀರು ಬಿದ್ದ ಹಾಗೆ ಗಂಟು ಕಟ್ಟುತ್ತದೆ. ಗಾಡಿ ಇಳಿದ ಮೇಲೆ ಮೊದಲು ಟಿಶ್ಯೂ ಒತ್ತಿ, ಎಳೆಯಬೇಡಿ. ಒಂದು ನಿಮಿಷ ಗಾಳಿಗೆ ಬಿಡಿ. ಆಮೇಲೂ ಮೂಗು ಮಿನುಗುತ್ತಿದ್ದರೆ ಅಲ್ಲಿಗೆ ಮಾತ್ರ ಪೌಡರ್.

ಹಚ್ಚುವ ಕ್ರಮಕ್ಕೂ ಕಾರಣ ಇದೆ. ಒದ್ದೆಯದ್ದು ಕೆಳಗೆ, ಒಣಗಿದ್ದು ಮೇಲೆ. ಯಕ್ಷಗಾನದ ಚೌಕಿಯಲ್ಲಿ ಕೂತು ನೋಡಿದವರಿಗೆ ಇದು ಹೊಸದಲ್ಲ. ಕಲಾವಿದರು ಎಣ್ಣೆಯಲ್ಲಿ ಕಲಸಿದ ಬಣ್ಣ ಮೊದಲು ಹಚ್ಚಿ, ಮೇಲೆ ಪೌಡರ್ ಒತ್ತಿ ಕೂರಿಸುತ್ತಾರೆ. ಪೌಡರ್ ಬಿದ್ದ ಜಾಗದ ಮೇಲೆ ಮತ್ತೆ ಕ್ರೀಮ್ ಎಳೆದರೆ ತೇಪೆ ತೇಪೆ ಆಗುತ್ತದೆ. ಸನ್‌ಸ್ಕ್ರೀನ್ ಆರುವ ಮೊದಲೇ ಫೌಂಡೇಶನ್ ಉಜ್ಜಿದರೆ ರಬ್ಬರಿನಿಂದ ಅಳಿಸಿದ ಹಾಗೆ ಸಣ್ಣ ಚೂರುಗಳು ಸುತ್ತಿಕೊಂಡು ಬರುತ್ತವೆ. ಐದು ನಿಮಿಷ ತಡೆದರೆ ಸಾಕು, ಅಷ್ಟರಲ್ಲಿ ಊಟದ ಡಬ್ಬಿ ಕಟ್ಟಿಕೊಳ್ಳಬಹುದು. ಪ್ರೈಮರ್ ಅನ್ನುವುದು ಗೋಡೆಗೆ ಬಣ್ಣಕ್ಕೆ ಮೊದಲು ಹಾಕುವ ಪುಟ್ಟಿ. ಅದರಲ್ಲಿನ ಸಿಲಿಕೋನ್ ಚರ್ಮದ ಸಣ್ಣ ಗುಂಡಿಗಳನ್ನು ತುಂಬುತ್ತದೆ. ದಿನಾ ಆಫೀಸಿಗೆ ಬೇಕೇ ಬೇಕು ಅಂತಿಲ್ಲ.

ವಾಟರ್‌ಪ್ರೂಫ್ ವಸ್ತುಗಳು ಮೇಣ, ಸಿಲಿಕೋನ್, ಫಿಲ್ಮ್ ಕಟ್ಟುವ ವಸ್ತುಗಳಿಂದ ನೀರಿಗೆ ಬಗ್ಗದ ಪದರ ಮಾಡುತ್ತವೆ. ರಾತ್ರಿ ಅದನ್ನು ಬರೀ ನೀರು, ಸೋಪಿನಲ್ಲಿ ಉಜ್ಜಿ ಉಜ್ಜಿ ಕಣ್ಣು ಕೆಂಪು ಮಾಡಿಕೊಳ್ಳುವವರಿದ್ದಾರೆ. ಹಲಸಿನ ಹಣ್ಣು ಬಿಡಿಸಿದ ಮೇಲೆ ಕೈಯ ಮೇಣಕ್ಕೆ ಏನು ಹಚ್ಚುತ್ತೀರಿ? ತೆಂಗಿನೆಣ್ಣೆ ತಾನೇ. ಇಲ್ಲೂ ಎಣ್ಣೆಯಂಶದ ಕ್ಲೆನ್ಸರ್ ಹಚ್ಚಿ ಅರ್ಧ ನಿಮಿಷ ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಫೇಸ್‌ವಾಶ್. ಎಣ್ಣೆ ಹಾಗೇ ಬಿಟ್ಟು ಮಲಗಬೇಡಿ, ಮೊಡವೆ ಬರುವವರಿಗೆ ಅದು ಇನ್ನೊಂದು ತೊಂದರೆ.

ಸನ್‌ಸ್ಕ್ರೀನ್‌ನ ಅಂಕಿಗಳು

ಎಸ್‌ಪಿಎಫ್ ಅಂದರೆ ಬಿಸಿಲಿನಲ್ಲಿರುವ, ಚರ್ಮ ಸುಡುವ ಯುವಿಬಿ ಕಿರಣವನ್ನು ತಡೆಯುವ ಲೆಕ್ಕ. ಎಸ್‌ಪಿಎಫ್ 30 ಸುಮಾರು 97 ಶೇಕಡಾ ತಡೆಯುತ್ತದೆ, 50 ಸುಮಾರು 98 ಶೇಕಡಾ. ಅಂದರೆ ದೊಡ್ಡ ಅಂಕಿಗಿಂತ ಎಷ್ಟು ಹಚ್ಚುತ್ತೇವೆ ಅನ್ನುವುದೇ ಮುಖ್ಯ. ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಈ ಅಂಕಿ ಅಳೆಯುತ್ತಾರೆ. ನಾವು ಹಚ್ಚುವುದು ಅದಕ್ಕಿಂತ ತುಂಬಾ ಕಡಿಮೆ. ಮುಖ, ಕತ್ತಿಗೆ ಎರಡು ಬೆರಳಿನ ಉದ್ದಕ್ಕೆ ಗೆರೆ ಎಳೆದಷ್ಟು ಬೇಕು. ಫೌಂಡೇಶನ್‌ನಲ್ಲೇ ಎಸ್‌ಪಿಎಫ್ ಇದೆ ಅಂತ ಸುಮ್ಮನಾಗುವುದು ಇದಕ್ಕೇ ಸರಿಯಲ್ಲ, ಅಷ್ಟು ಫೌಂಡೇಶನ್ ಯಾರೂ ಹಚ್ಚುವುದಿಲ್ಲ.

'ಪಿಎ' ಪಕ್ಕದ ಪ್ಲಸ್ ಗುರುತುಗಳು ಬಿಸಿಲಿನ ಇನ್ನೊಂದು ಬಗೆಯ ಕಿರಣ ಯುವಿಎಯನ್ನು ತಡೆಯುವ ಲೆಕ್ಕ. ಈ ಪದ್ಧತಿ ಜಪಾನಿನದ್ದು. ಯುವಿಎ ಕಿಟಕಿ ಗಾಜಿನ ಮೂಲಕವೂ ಬರುತ್ತದೆ, ಹಾಗಾಗಿ ಆಫೀಸಿನ ಕಿಟಕಿ ಪಕ್ಕ ಕೂರುವವರಿಗೂ ಬೇಕು. ನಮ್ಮಂಥ ಕಂದು ಚರ್ಮ ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತದೆ, ಮುಖ್ಯವಾಗಿ ಬಂಗು ಇರುವವರಿಗೆ. ಅದನ್ನು ತಡೆಯಲು ಆಗಲೇ ಹೇಳಿದ ಕಬ್ಬಿಣದ ಆಕ್ಸೈಡ್‌ಗಳು ನೆರವಾಗುತ್ತವೆ. ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಇದೇ ಕಾರಣಕ್ಕೆ ನಮಗೆ ಒಳ್ಳೆಯದು. ದಿನಕ್ಕೆ ಅದೊಂದೇ ಹಚ್ಚಿದರೂ ಎಷ್ಟೋ ಜನರಿಗೆ ಫೌಂಡೇಶನ್ನೇ ಬೇಡ.

ತುಟಿ, ಕಣ್ಣು, ಹಣೆ

ಲಿಪ್‌ಸ್ಟಿಕ್ ಅಂದರೆ ಮೇಣ, ಎಣ್ಣೆ, ಬಣ್ಣ. ಮೇಣ ಕಡ್ಡಿಗೆ ಆಕಾರ ಕೊಡುತ್ತದೆ, ಎಣ್ಣೆ ಜಾರುವಂತೆ ಮಾಡುತ್ತದೆ. ಆ ಎಣ್ಣೆ ಹೆಚ್ಚಾಗಿ ಹರಳೆಣ್ಣೆ. ಹೌದು, ನಮ್ಮ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಎಣ್ಣೆ ಜಾಸ್ತಿಯಾದರೆ ಹೊಳಪು, ಕಡಿಮೆಯಾಗಿ ಪುಡಿ ಜಾಸ್ತಿಯಾದರೆ ಮ್ಯಾಟ್. ಬಾಟಲಿಯಲ್ಲಿ ಬರುವ ಲಿಕ್ವಿಡ್ ಮ್ಯಾಟ್‌ನಲ್ಲಿ ಬೇಗ ಆರಿ ಹೋಗುವ ದ್ರವ ಇರುತ್ತದೆ. ಅದು ಹಾರಿಹೋದ ಮೇಲೆ ಬಣ್ಣದ ಪದರ ತುಟಿಗೆ ಅಂಟಿ ಕೂರುತ್ತದೆ. ಚಹಾ ಕುಡಿದರೂ ಉಳಿಯುತ್ತದೆ, ಆದರೆ ತುಟಿ ಒಣಗುತ್ತದೆ. ತುಟಿಯ ಚರ್ಮ ತೆಳು, ಅಲ್ಲಿ ಬೆವರಿನ ಗ್ರಂಥಿಯೂ ಇಲ್ಲ.

'ನ್ಯೂಡ್' ಅಂತ ಬರೆದದ್ದನ್ನು ಕೊಂಡು ತುಟಿಯೇ ಕಾಣೆಯಾಯಿತು ಅನ್ನುವವರು ತುಂಬಾ ಜನ. ನಮ್ಮಲ್ಲಿ ಬಹಳ ಜನರ ತುಟಿ ಮೊದಲೇ ಕಂದು ಅಥವಾ ನೇರಳೆ ಕಡೆ ಇರುತ್ತದೆ. ಬಿಳಿಚಿದ ಬಣ್ಣ ಅದರ ಮೇಲೆ ಮತ್ತೆ ಮಜ್ಜಿಗೆ ಕಥೆಯೇ. ಇಟ್ಟಿಗೆ ಬಣ್ಣ, ದಾಲ್ಚಿನ್ನಿ ಬಣ್ಣ, ಒಣಗಿದ ಗುಲಾಬಿ ಬಣ್ಣ ನಮ್ಮ ನ್ಯೂಡ್. ಸಸ್ಯಾಹಾರಿಗಳಿಗೆ ಒಂದು ಮಾತು: ಪಟ್ಟಿಯಲ್ಲಿ ಕಾರ್ಮೈನ್ ಅಥವಾ ಸಿಐ 75470 ಅಂತ ಇದ್ದರೆ ಆ ಕೆಂಪು ಒಂದು ಜಾತಿಯ ಕೀಟದಿಂದ ತೆಗೆದದ್ದು.

ಕಾಡಿಗೆ ನಮ್ಮ ಮನೆಯಲ್ಲಿ ಅಜ್ಜಿಯೇ ಮಾಡುತ್ತಿದ್ದರು. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಮಗುಚಿ ಇಟ್ಟು ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ತಟ್ಟೆಗೆ ಹಿಡಿದ ಮಸಿಯನ್ನು ಬೆರಳಲ್ಲಿ ಸವರಿ ತೆಗೆದು ತುಪ್ಪದಲ್ಲಿ ಕಲಸಿ ಬೆಳ್ಳಿ ಕರಡಿಗೆಗೆ ತುಂಬುವುದು. ಅದು ಇಂಗಾಲ. ಕೆಲವು ಸುರ್ಮಾ, ಹೆಸರಿಲ್ಲದ ಕಾಜಲ್‌ಗಳಲ್ಲಿ ಕಪ್ಪು ಬರುವುದು ಸೀಸದ ಸಲ್ಫೈಡ್‌ನಿಂದ. ಸೀಸ ಮೈಗೆ ಸೇರಿದರೆ ಮಕ್ಕಳ ಮೆದುಳಿಗೆ ಹಾನಿ. ಕೂಸಿನ ಕಣ್ಣಿಗೆ ಯಾವ ಕಾಜಲ್ಲನ್ನೂ ಹಚ್ಚಬೇಡಿ, ಮನೆಯದ್ದಾದರೂ ಬೇಡ. ನಿಮ್ಮ ಕಾಜಲ್ಲನ್ನು ಗಾಡಿಯಲ್ಲಿ ಗೆಳತಿ ಕೇಳಿದರೂ ಕೊಡಬೇಡಿ, ಕಣ್ಣುಬೇನೆ ಹಾಗೇ ಹರಡುತ್ತದೆ. ರೆಪ್ಪೆ ಕೂದಲಿಗೆ ಹಚ್ಚುವ ಮಸ್ಕಾರವನ್ನು ಮೂರು ತಿಂಗಳಿಗೆ ಎಸೆಯಿರಿ.

ಇನ್ನು ಹಣೆ. ದಿನಾ ಒಂದೇ ಜಾಗಕ್ಕೆ ಟಿಕ್ಲಿ ಅಂಟಿಸಿ ಅಲ್ಲಿ ಬಿಳಿ ಕಲೆ ಬಿದ್ದವರನ್ನು ನೋಡಿರುತ್ತೀರಿ. ಕೆಲವು ಟಿಕ್ಲಿಯ ಗೋಂದಿನಲ್ಲಿರುವ ಒಂದು ರಾಸಾಯನಿಕ ಮೆಲನಿನ್ ಮಾಡುವ ಜೀವಕೋಶಗಳನ್ನೇ ಕೊಲ್ಲುತ್ತದೆ. ತುರಿಕೆ ಅಥವಾ ಬಣ್ಣ ಮಾಸಿದ್ದು ಕಂಡ ದಿನವೇ ಅಂಟು ಟಿಕ್ಲಿ ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ. ಕುಂಕುಮಕ್ಕೆ ಬದಲಾಗುವುದಾದರೆ ಅರಿಶಿನ, ಸುಣ್ಣದಿಂದ ಮಾಡಿದ್ದನ್ನು ಹುಡುಕಿ. ಅರಿಶಿನದ ಹಳದಿ ಸುಣ್ಣದ ಕ್ಷಾರಕ್ಕೆ ಕೆಂಪಾಗುತ್ತದೆ. ನಾನು ಪ್ರತಿ ವರ್ಷ ತರಗತಿಯಲ್ಲಿ ಮಾಡಿ ತೋರಿಸುವ ಪ್ರಯೋಗ ಅದು.

ಡಬ್ಬಿಯ ಹಿಂಬದಿ

ಕ್ರಾಫರ್ಡ್ ಮಾರ್ಕೆಟ್ ಸುತ್ತಮುತ್ತ, ಲೋಕಲ್ ಗಾಡಿಯ ಲೇಡೀಸ್ ಡಬ್ಬಾದಲ್ಲಿ ಎಲ್ಲವೂ ಅಗ್ಗಕ್ಕೆ ಸಿಗುತ್ತದೆ. ಕ್ಲಿಪ್ಪು, ಬಳೆ, ರಬ್ಬರ್‌ಬ್ಯಾಂಡ್ ಧಾರಾಳ ಕೊಳ್ಳಿ. ಕಣ್ಣಿಗೂ ತುಟಿಗೂ ಹಚ್ಚುವುದಾದರೆ ಡಬ್ಬಿ ತಿರುಗಿಸಿ ನೋಡಿ. ನಮ್ಮ ದೇಶದಲ್ಲಿ ಇವು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮಗಳ ಕೆಳಗೆ ಬರುತ್ತವೆ. ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ಯಾವಾಗಿನವರೆಗೆ ಬಳಸಬಹುದು ಅನ್ನುವ ದಿನಾಂಕ ಇರಬೇಕು. ಹೊರದೇಶದ್ದಾದರೆ ಆಮದು ನೋಂದಣಿ ನಂಬರ್ ಇರಬೇಕು. ಇವು ಇಲ್ಲದ ಡಬ್ಬಿಯೊಳಗೆ ಏನಿದೆ ಅಂತ ಯಾರೂ ಹೇಳಲಾರರು. ತೆರೆದ ಡಬ್ಬಿಯ ಚಿತ್ರದೊಳಗೆ '12ಎಂ' ಅಂತ ಇದ್ದರೆ ಮುಚ್ಚಳ ತೆರೆದ ಮೇಲೆ 12 ತಿಂಗಳು ಬಾಳಿಕೆ.

'ಏಳು ದಿನಕ್ಕೆ ಬೆಳ್ಳಗೆ' ಅನ್ನುವ ಕ್ರೀಮ್‌ಗಳಿಂದ ದೂರ ಇರಿ ಅಂತ ಕೈ ಹಿಡಿದು ಕೇಳಿಕೊಳ್ಳುತ್ತೇನೆ. ಅಂಥ ಕೆಲವದರಲ್ಲಿ ಪಾದರಸ ಇರುತ್ತದೆ, ಕೆಲವದರಲ್ಲಿ ಡಾಕ್ಟರ ಚೀಟಿ ಬೇಕಾದ ಸ್ಟೀರಾಯ್ಡ್. ಪಾದರಸ ಚರ್ಮದಿಂದಲೇ ಒಳಗಿಳಿದು ಕಿಡ್ನಿ ಕೆಡಿಸುತ್ತದೆ. ನಿಯಮದ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವ ಹಾಗೇ ಇಲ್ಲ. ತಿಳಿಯದೆ ಸೇರಿದರೂ ಹತ್ತು ಲಕ್ಷ ಭಾಗಕ್ಕೆ 1 ಭಾಗ ಮೀರಬಾರದು.

ಹೊಸದೇನೇ ತಂದರೂ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಗೆ ಹಚ್ಚಿ ಎರಡು ದಿನ ಕಾಯಿರಿ. ಅಲರ್ಜಿ ತಕ್ಷಣ ಕಾಣಬೇಕು ಅಂತಿಲ್ಲ, ಒಂದು ದಿನ ಬಿಟ್ಟು, ಎರಡು ದಿನ ಬಿಟ್ಟು ಕಾಣುವುದೇ ಹೆಚ್ಚು.

ಒಂದು ಸಲಕ್ಕೆ ಒಂದೇ ಬದಲಾವಣೆ

ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದು ಜಾಸ್ತಿಯಾಯಿತು ಅಂತ ಗೊತ್ತಾಗುವುದಿಲ್ಲ. ಹೊಸ ಲಿಪ್‌ಸ್ಟಿಕ್, ಹೊಸ ಕಾಜಲ್, ಹೊಸ ಕುರ್ತಾ ಒಂದೇ ದಿನ ಹಾಕಿ ಕನ್ನಡಿ ನೋಡಿದರೂ ಅಷ್ಟೇ. ಸ್ಟೈಲ್ ಅನ್ನುವುದು ಒಂದೊಂದನ್ನೇ ಬದಲಿಸಿ ನೋಡುತ್ತಾ ಸಿಗುವಂಥದ್ದು. ಒಂದು ವಾರ ಬರೀ ತುಟಿಯ ಬಣ್ಣ ಬದಲಿಸಿ, ಉಳಿದದ್ದು ಹಾಗೇ ಇರಲಿ. ಅದೇ ಕಿಟಕಿ, ಅದೇ ಹೊತ್ತಿಗೆ ಒಂದು ಫೋಟೋ. ಮುಂದಿನ ವಾರ ಕಣ್ಣು.

ಬಟ್ಟೆಯನ್ನೂ ಇದರಲ್ಲಿ ಸೇರಿಸಿ. ಕತ್ತಿನ ಹತ್ತಿರ ಇರುವ ಬಟ್ಟೆ ತನ್ನ ಬಣ್ಣದ ಬೆಳಕನ್ನು ಗಲ್ಲದ ಕೆಳಗೆ ಎರಚುತ್ತದೆ. ಹಳದಿ ದುಪಟ್ಟಾ ಹಾಕಿದ ದಿನ ಮುಖವೂ ಚೂರು ಹಳದಿ. ಮನೆಯಲ್ಲಿರುವ ದುಪಟ್ಟಾಗಳನ್ನು ಕಿಟಕಿ ಬೆಳಕಿನಲ್ಲಿ ಒಂದಾದ ಮೇಲೊಂದು ಕತ್ತಿಗೆ ಹಿಡಿಯಿರಿ. ಕೆಲವು ಬಣ್ಣದಲ್ಲಿ ಮೊದಲು ಬಟ್ಟೆ ಕಾಣುತ್ತದೆ, ಕೆಲವದರಲ್ಲಿ ಮೊದಲು ಕಣ್ಣು ಕಾಣುತ್ತದೆ. ಎರಡನೆಯ ಬಗೆಯದ್ದನ್ನು ನಿಮ್ಮದು ಅಂತ ಎತ್ತಿಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನಮ್ಮ ಹುಡುಗಿ ಹೀಗೇ ಐದು ವಾರ ನೋಡಿದಳು. ದಪ್ಪ ಫೌಂಡೇಶನ್ ಬಿಟ್ಟಳು. ಈಗ ಬಣ್ಣದ ಸನ್‌ಸ್ಕ್ರೀನ್, ಕಣ್ಣಿನ ಕೆಳಗೆ ಪೀಚ್ ಕರೆಕ್ಟರ್, ಇಟ್ಟಿಗೆ ಬಣ್ಣದ ಲಿಪ್‌ಸ್ಟಿಕ್. ಕಾಜಲ್ ಮಾತ್ರ ಮನೆಯಲ್ಲಿ ಹಚ್ಚುವುದಿಲ್ಲ. ಥಾಣೆ ದಾಟಿ ಕೂರಲು ಜಾಗ ಸಿಕ್ಕರೆ ಕೈಗನ್ನಡಿ ತೆಗೆದು ಗಾಡಿ ನಿಂತಾಗ ಎಡಗಣ್ಣು, ಮುಂದಿನ ಸ್ಟೇಷನ್ನಿನಲ್ಲಿ ಬಲಗಣ್ಣು. ಚಲಿಸುವ ಗಾಡಿಯಲ್ಲಿ ಕಣ್ಣಿಗೆ ಪೆನ್ಸಿಲ್ ಹಿಡಿಯಬೇಡ ಅಂತ ನಾನೇ ಹೇಳಿದ್ದೆ. ಡಿಸೆಂಬರ್‌ನಲ್ಲಿ ಮದುವೆ. ಪಾರ್ಲರ್‌ನವರಿಗೆ ಅವಳು ಈಗಲೇ ಒಂದು ಮಾತು ಹೇಳಿಟ್ಟಿದ್ದಾಳೆ: ಮೊದಲು ದವಡೆಗೆ ಮೂರು ಗೆರೆ, ಆಮೇಲೆ ಬಾಲ್ಕನಿಗೆ ಬಂದು ಬಿಸಿಲಲ್ಲಿ ನೋಡೋಣ.